ಯಜಮಾನರ ಹೆಸರಿಗೆ ಬಿದ್ದ ಬೀಗ

“ಅಕ್ಕಾ, ಆ ಹೆಸರು ನಂದು. ಬೇರೆ ಕಂಪನಿಗೆ ಕೊಡೋಕಾಗಲ್ಲ” ಎಂದ, ದೇವನಹಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿಯವನು. ಅವನು ತನ್ನದೆಂದದ್ದು ತೀರಿಕೊಂಡ ನನ್ನ ಯಜಮಾನರ ಹೆಸರನ್ನು.

ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ ಅವರು ತಮ್ಮ ಹೆಸರನ್ನೇ ವಿಳಾಸವಾಗಿಟ್ಟು ಇವನ ಬಳಿ ವೆಬ್‌ಸೈಟ್ ಮಾಡಿಸಿದ್ದರು. ಅವರು ಹೋದ ಮೇಲೆ ಮೈದುನ ಕಾರು ಓಡಿಸುತ್ತಿದ್ದ. ಬುಕಿಂಗ್ ಎಲ್ಲ ಆ ವೆಬ್‌ಸೈಟಿನಿಂದಲೇ ಬರಬೇಕು. ಅಂಗಡಿಯವನು ಫೋನ್ ಎತ್ತುವುದನ್ನೇ ಬಿಟ್ಟಾಗ, ಆ ವಿಳಾಸವನ್ನು ವೆಬ್‌ಸೈಟ್ ನೋಡಿಕೊಳ್ಳುವ ಬೇರೆ ಕಂಪನಿಗೆ ವರ್ಗಾಯಿಸಬಹುದೇ ಎಂದು ಮೈದುನ ಕಂಪ್ಯೂಟರಿನಲ್ಲಿ ನೋಡಿದ. ವರ್ಗಾವಣೆಗೆ ಬೀಗ ಹಾಕಿತ್ತು. ಮಾಲೀಕನೆಂದು ಅಂಗಡಿಯವನ ಹೆಸರಿತ್ತು. ‘ಯಾರ ಹೆಸರಲ್ಲಿದ್ರೇನು, ನಮ್ಮೋನೇ ಅಲ್ವಾ’ ಎಂದು ಯಜಮಾನರು ಎಲ್ಲವನ್ನೂ ಅವನಿಗೇ ಬಿಟ್ಟಿದ್ದರಂತೆ. ಇವರ ತಿಥಿಯ ಊಟಕ್ಕೂ ಬಂದಿದ್ದ ಪುಣ್ಯಾತ್ಮ!

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನೂ ಹೇಳಿದವಳಲ್ಲ. ಅಂದು ಅಂಗಡಿಯಲ್ಲಿ ಅವನು ‘ಆ ಹೆಸರು ನಂದು’ ಎಂದಾಗ ಎಲ್ಲರೆದುರು ಕೂಗಿದೆ: “ಮುನಿರಾಜು! ಅದು ನಮ್ಮೆಜಮಾನ್ರ ಹೆಸರು ಕಣೋ. ನಿಂಗ್ಯಾವಾಗ ಆ ನಾಮಕರಣ ಆಯ್ತು?”

ಅವನು ತಲೆ ತಗ್ಗಿಸಿದನೇ ಹೊರತು ಬೀಗ ತೆಗೆಯಲಿಲ್ಲ. ದೂರು ಕೊಟ್ಟಿದ್ದೇವೆ. ಅವರು ಇದ್ದಾಗ ಒಮ್ಮೆಯೂ ಬಾಯಿಗೆ ಬಾರದ ಹೆಸರನ್ನು ಮೊದಲ ಸಲ ಇಂಥವನೆದುರು ಹೇಳಬೇಕಾಯಿತಲ್ಲ, ಆ ಸಿಟ್ಟು ಇನ್ನೂ ಆರಿಲ್ಲ.