ಕಮಲಾಪುರದ ಒಂದೇ ಟವರ್

2022ರಲ್ಲಿ ನಾನು ಕಲಬುರಗಿಯ ಒಂದು ಸಣ್ಣ ಸಂಸ್ಥೆಯಲ್ಲಿ ಪರಿಶೀಲನಾ ಇಂಜಿನಿಯರ್ ಆಗಿದ್ದೆ. ಯಂತ್ರ ಕಟ್ಟುವುದು ಬೇರೆಯವರ ಕೆಲಸ. ಅದು ಯಾವಾಗ ಕೈಕೊಡಬಹುದು ಎಂದು ಲೆಕ್ಕ ಹಾಕುವುದು ನನ್ನದು. ಯಂತ್ರದ ಪ್ರತಿಯೊಂದು ಸ್ಥಿತಿಯನ್ನೂ ಗಣಿತದ ಮಾದರಿಯಲ್ಲಿ ಬರೆದು, ಒಂದರಿಂದ ಇನ್ನೊಂದಕ್ಕೆ ಹೋಗುವ ಸಂಭವ ಎಷ್ಟೆಂದು ತುಂಬಿದರೆ ಕಂಪ್ಯೂಟರ್ ಎಲ್ಲ ದಾರಿಗಳನ್ನೂ ಜಾಲಾಡುತ್ತದೆ. ಇದನ್ನು ಮಾಡುವವಳು ಆಫೀಸಿನಲ್ಲಿ ನಾನೊಬ್ಬಳೇ. ತಪ್ಪು ಹುಡುಕುವವಳ ಜೊತೆ ಚಹಾಕ್ಕೆ ಕೂರಲು ಯಾರಿಗೂ ಮನಸ್ಸಿರಲಿಲ್ಲ. ಕುಸನೂರಿನ ಬಾಡಿಗೆ ಮನೆಯಲ್ಲೂ ನಾನೊಬ್ಬಳೇ. ಒಂಟಿತನ ಅಭ್ಯಾಸವಾಗಿತ್ತು ಎಂದರೆ ಸುಳ್ಳಾಗುತ್ತದೆ.

ಆ ವರ್ಷ ನಮ್ಮವರು ಹತ್ತಿರದ ಕಮಲಾಪುರದ ಒಂದು ಸಣ್ಣ ಆಸ್ಪತ್ರೆಯ ಲಸಿಕೆ ಫ್ರಿಜ್‌ಗೆ ಎಚ್ಚರಿಕೆ ಯಂತ್ರ ಮಾಡಿದ್ದರು. ಫ್ರಿಜ್ ಬಿಸಿಯಾದರೆ ಅದು ನರ್ಸ್‌ಗೆ ಮೆಸೇಜ್ ಕಳಿಸಬೇಕು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಕಂಪನಿಗಳ ಸಿಮ್ ಹಾಕಿದ್ದರು. ಒಂದು ಸಿಮ್ ತಪ್ಪುವ ಸಂಭವ ನೂರಕ್ಕೆ ಒಂದು ಎಂದು ಹಿಡಿದೆ. ಹಾಗಾದರೆ ಎರಡೂ ಒಟ್ಟಿಗೆ ತಪ್ಪುವುದು ಹತ್ತು ಸಾವಿರಕ್ಕೆ ಒಂದು. ಧೈರ್ಯವಾಗಿ ಸಹಿ ಹಾಕಿದೆ.

ಯಂತ್ರ ಕೂಡಿಸುವ ದಿನ ನಾನೂ ಹೋದೆ. ಅಲ್ಲಿನ ನರ್ಸ್ ಶಾಹೆದಾ, ಕರೆಂಟ್ ಹೋದಾಗಲೆಲ್ಲ ತಾವೇ ಥರ್ಮಾಮೀಟರ್ ನೋಡಿ ಲಸಿಕೆಗಳನ್ನು ಐಸ್ ಪೆಟ್ಟಿಗೆಗೆ ಸಾಗಿಸುತ್ತಿದ್ದವರು. ಯಂತ್ರ ಬಂದ ಮೇಲೆ ಆ ತಪಾಸಣೆ ನಿಲ್ಲುವುದಿತ್ತು. ನನ್ನ ವಿವರಣೆ ಕೇಳಿ ಕಿಟಕಿಯಾಚೆ ಕೈ ತೋರಿಸಿದರು.

“ಮೇಡಮ್, ಎರಡೂ ಕಂಪನೀದು ಟವರ್ ಒಂದೇ ಅದರೀ. ಕರೆಂಟ್ ಹೋಗಿ ಎರಡ್ ತಾಸಾತಂದ್ರ ಎರಡೂ ಫೋನ್ ಬಂದ್ ಆಗ್ತಾವ.”

ಫ್ರಿಜ್ ಬಿಸಿಯಾಗುವುದೂ ಕರೆಂಟ್ ಹೋದಾಗ, ಸಿಮ್‌ಗಳು ಸಾಯುವುದೂ ಆಗಲೇ. ಒಂದಕ್ಕೊಂದು ಸಂಬಂಧವೇ ಇಲ್ಲವೆಂದುಕೊಂಡು ಎರಡು ಸಂಖ್ಯೆಗಳನ್ನು ಗುಣಿಸಿಬಿಟ್ಟಿದ್ದೆ. ಅವರು ಹೇಳದಿದ್ದರೆ ಯಾರಿಗೂ ಗೊತ್ತಾಗದೆ ಕೆಟ್ಟ ಲಸಿಕೆ ಕೂಸುಗಳ ಮೈಗೆ ಹೋಗುತ್ತಿತ್ತು.

ಮರುದಿನವೇ ವರದಿ ಹಿಂತೆಗೆದುಕೊಂಡೆ. ಮ್ಯಾನೇಜರ್ ಸಿಡುಕಿದರು: “ಸಹಿ ಮಾಡಿದವ್ರೂ ನೀವೇ, ಈಗ ಬ್ಯಾಡ ಅನ್ನವ್ರೂ ನೀವೇ. ನಾವು ಮಾರಿ ಹ್ಯಾಂಗ ತೋರ್ಸಬೇಕ್ರೀ?”

“ತಪ್ಪು ನಂದೇ ಅದರೀ. ಹಂಗಂತ ಬರದು ಕೊಡ್ತೀನಿ,” ಎಂದೆ.

ಆಮೇಲೆ ತಿಂಗಳುಗಟ್ಟಲೆ ಆಫೀಸಿನಲ್ಲಿ ಯಾರೂ ನನ್ನನ್ನು ನೆಟ್ಟಗೆ ಮಾತಾಡಿಸಲಿಲ್ಲ. ಹೊಸ ಮಾದರಿಯನ್ನು ಒಬ್ಬಳೇ ಕೂತು ಬರೆದೆ. ಇನ್ನು ಫ್ರಿಜ್ ಹದಿನೈದು ನಿಮಿಷಕ್ಕೊಮ್ಮೆ ‘ಸರಿಯಾಗಿದ್ದೇನೆ’ ಎಂದು ಕಲಬುರಗಿಗೆ ತಿಳಿಸಬೇಕು. ತಿಳಿಸದಿದ್ದರೆ ಅದೇ ಎಚ್ಚರಿಕೆ, ಕೂಡಲೇ ಕರೆಂಟಿಲ್ಲದೆಯೂ ನಡೆಯುವ ಆಸ್ಪತ್ರೆಯ ಲ್ಯಾಂಡ್‌ಲೈನ್‌ಗೆ ಫೋನ್ ಹೋಗಬೇಕು. ಅದು ಸಿದ್ಧವಾಗುವವರೆಗೆ ಶಾಹೆದಾ ಅವರ ತಪಾಸಣೆಯೇ ನಡೆಯಿತು.

ಹೊಸ ವ್ಯವಸ್ಥೆ ವಿವರಿಸಿದಾಗ ಅವರು ನನ್ನ ಮುಖವನ್ನೇ ನೋಡಿದರು.

“ಅವತ್ತು ಕುಸನೂರಾಗ ಒಬ್ಬಾಕೀನೇ ಇರ್ತೀನಿ ಅಂದಿದ್ರಲ್ಲ ಮೇಡಮ್. ನಿಮ್ದು ಖೈರಿಯತ್, ಆರಾಮ ಇದ್ದೀರೋ ಇಲ್ಲೋ ಅನ್ನೋದು, ದಿನಾ ಯಾರಿಗಿ ಹೋಗ್ತದರೀ?”

ಒಂದು ಚೀಟಿಯ ಮೇಲೆ ತಮ್ಮ ನಂಬರ್ ಬರೆದು ನನ್ನ ಕೈಗಿಟ್ಟರು.

“ದಿನಾ ಒಂದ್ ಮೆಸೇಜ್ ನನಗ ಹಾಕ್ರೀ,” ಎಂದರು.

ಸದ್ದಿಲ್ಲವೆಂದರೆ ಎಲ್ಲ ನೆಟ್ಟಗಿದೆ ಎಂದು ತಿಳಿಯಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಾನು ನಿವೃತ್ತಳಾದ ಮೇಲೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಶಾಹೆದಾ ಅವರಿಗೆ ‘ಆರಾಮ ಇದ್ದೀನಿ’ ಎಂದು ಕಳಿಸುತ್ತೇನೆ. ಹೋದ ವಾರ ಜ್ವರ ಬಂದು ಮಲಗಿದ್ದೆ, ಕಳಿಸಲಾಗಲಿಲ್ಲ. ಹತ್ತಾಗುವುದರೊಳಗೆ ಅವರ ಫೋನ್ ಬಂತು.