ಪಾತಿ ದೋಣಿಯಲ್ಲಿ ಕೂರಿಸಿದ ಎಲುಬುಗೂಡು

ಕುಮಟಾದಲ್ಲಿ ಹೆದ್ದಾರಿಗೆ ತಾಗಿದ ಬಯಲಿನಲ್ಲಿ ಭೂತಬಂಗಲೆ ಕಟ್ಟುವ ಕೆಲಸ ನನಗೆ ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ನಾನು ಶಿರಾಲಿಯಲ್ಲಿ ಮದುವೆ ಮಂಟಪ, ಗಣಪತಿ ಪೆಂಡಾಲಿನ ಹಿಮಾಲಯ, ಶಾಲೆಯ ವಾರ್ಷಿಕೋತ್ಸವದ ಅರಮನೆ ಇಂಥವನ್ನು ಕಟ್ಟಿಕೊಂಡಿದ್ದವನು. ನೋಡಿ ಖುಷಿಪಡುವಂಥದ್ದನ್ನು ಕಟ್ಟಿ ಗೊತ್ತಿತ್ತು, ನೋಡಿ ಹೆದರುವಂಥದ್ದನ್ನು ಕಟ್ಟಿ ಗೊತ್ತಿರಲಿಲ್ಲ. ಊರೂರು ತಿರುಗಿ ವಸ್ತುಪ್ರದರ್ಶನ ನಡೆಸುವ ಕಂಪನಿಯ ಮ್ಯಾನೇಜರ್ ನನ್ನ ಹಿಮಾಲಯದ ಫೋಟೋ ನೋಡಿ, "ಇದನ್ನೇ ಕಪ್ಪು ಮಾಡಿದ್ರೆ ಆಯ್ತು" ಎಂದ. ನಾನು ನಕ್ಕು ಒಪ್ಪಿಕೊಂಡೆ.

ಒಂದು ತಿಂಗಳು ಆ ಬಯಲಿನಲ್ಲೇ ಇದ್ದೆ. ಎರಡು ಆಳೆತ್ತರದ ಮುರಿದ ಹೆಬ್ಬಾಗಿಲು, ಬೊಡ್ಡೆಯಲ್ಲಿ ಮುಖಗಳಿರುವ ಆಲದ ಮರ, ಒಳಗಿನಿಂದ ಕೈ ಚಾಚುವ ಬಾವಿ. ಬಿದಿರಿನ ಚೌಕಟ್ಟಿಗೆ ಕೋಳಿಗೂಡಿನ ಜಾಲರಿ ಸುತ್ತಿ, ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸಿದರೆ ಒಣಗಿದ ಮೇಲೆ ಥೇಟ್ ಮರದ ತೊಗಟೆ. ತೆಂಗಿನ ನಾರು ಬಿಳಲಾಗುತ್ತದೆ. ಸಮುದ್ರದ ಗಾಳಿ ಸಂಜೆಯಾದರೆ ಎಲ್ಲವನ್ನೂ ಎತ್ತಿ ಒಗೆಯಲು ನೋಡುತ್ತಿತ್ತು, ಹಾಗಾಗಿ ಪ್ರತಿ ಕಾಲನ್ನೂ ಎರಡಡಿ ಹುಗಿದು ಮರಳಿನ ಚೀಲ ಹೇರಿದ್ದೆ. ಕೆಲಸ ಚೆನ್ನಾಗಿ ಬಂದಿತ್ತು. ನನಗೇ ಹೆಮ್ಮೆಯಾಗಿತ್ತು.

ಶುರುವಾಗಲು ವಾರವಿದೆ ಎನ್ನುವಾಗ ಮ್ಯಾನೇಜರ್ ಒಂದು ಸುತ್ತು ಬಂದು ನಿಂತ.

"ಎಲ್ಲ ಸರಿ. ಆದ್ರೆ ಇದು ಯಾವ ಊರಲ್ಲಾದ್ರೂ ಇರಬಹುದು. ಸಮುದ್ರದ ಊರು ಇದು. ಸಮುದ್ರದ ದೆವ್ವ ಒಂದು ಬೇಡ್ವಾ?"

ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ನೆನಪಾದದ್ದು ಒಂದೇ ದೋಣಿ. ಕರಾವಳಿಯ ಉದ್ದಕ್ಕೂ ಒಡೆದ ದೋಣಿಗಳು ಬಿದ್ದಿರುತ್ತವೆ, ಹುಡುಕಿದ್ದರೆ ಬೇರೆ ಸಿಗುತ್ತಿತ್ತು. ನಾನು ಹುಡುಕಲಿಲ್ಲ.

ಹೊನ್ನಾವರದಲ್ಲಿ ಹೊಳೆಯ ದಡದ ಮೀನುಗಾರರ ಕೇರಿಯಲ್ಲಿ ನನಗೊಬ್ಬರು ಸ್ನೇಹಿತರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಪೆಂಡಾಲಿನ ಅಲಂಕಾರಕ್ಕೆ ಹಳೆಯ ಬಲೆ ಬೇಕೆಂದು ಒಮ್ಮೆ ಹೋಗಿದ್ದೆ, ಆಮೇಲೆ ಪ್ರತಿವರ್ಷ ಅವರೇ ಎತ್ತಿಟ್ಟು ಫೋನ್ ಮಾಡುತ್ತಿದ್ದರು. ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಅವರದು ಪಾತಿ ದೋಣಿ, ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಸಣ್ಣ ಮರದ ದೋಣಿ. ಎರಡು ಮಳೆಗಾಲದ ಹಿಂದೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅದು ಮಗುಚಿತು. ದೋಣಿ ಅದೇ ದಿನ ದಡಕ್ಕೆ ಬಂತು. ಅವರು ಸಿಕ್ಕಿದ್ದು ಮೂರನೆಯ ದಿನ. ಆಮೇಲೆ ಯಾರೂ ಅದನ್ನು ನೀರಿಗಿಳಿಸಲಿಲ್ಲ. ಮನೆಯ ಹಿಂದೆ ತೆಂಗಿನ ಬುಡದಲ್ಲಿ ಕವುಚಿ ಬಿದ್ದಿತ್ತು.

ನಾನು ಹೋದಾಗ ಅವರ ಹೆಂಡತಿ ಮಾರುಕಟ್ಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದು ಬುಟ್ಟಿ ತೊಳೆಯುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

"ಅಕ್ಕ, ಆ ದೋಣಿ ಒಂದು ತಿಂಗಳ ಮಟ್ಟಿಗೆ ಬೇಕಿತ್ತು."

"ಎಂತಕ್ಕೆ?"

ಬಸ್ಸಿನಲ್ಲಿ ಬರುವಾಗಲೇ ಉತ್ತರ ತಯಾರು ಮಾಡಿಕೊಂಡಿದ್ದೆ. "ಕುಮಟಾದಲ್ಲಿ ಪ್ರದರ್ಶನ ಅಕ್ಕ. ನಮ್ಮ ಕಡೆ ಮೀನುಗಾರರು ಹೇಗೆ ಬದುಕ್ತಾರೆ ಅಂತ ಶಾಲೆ ಮಕ್ಕಳಿಗೆ ತೋರಿಸೋದು."

ಅವರು ಕೈ ಒರೆಸಿಕೊಂಡು ತೆಂಗಿನ ಬುಡದ ಕಡೆ ನೋಡಿದರು. ಬೇಡ ಎನ್ನಬಹುದು ಎಂದುಕೊಂಡೆ. ಬೇಡ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

"ಅಡ್ಡಿಲ್ಲ, ತಕಂಡ್ ಹೋಗಿ. ಇಲ್ಲಿ ಗೆದ್ದಲು ತಿಂಬುದಕ್ಕಿಂತ ಮಕ್ಕಳು ನೋಡ್ಲಿ."

ಕವುಚಿದ್ದ ದೋಣಿಯನ್ನು ಅಂಗಾತ ಮಾಡಿಸಿ, ಒಳಗೆ ಸೇರಿದ್ದ ತರಗೆಲೆಯನ್ನು ಅವರೇ ಗುಡಿಸಿದರು. ಮೂತಿಗೆ ಕುಂಕುಮ ಹಚ್ಚಿದರು. ಟೆಂಪೋಗೆ ಏರಿಸುವಷ್ಟರಲ್ಲಿ ಒಳಗೆ ಹೋಗಿ ಗಂಡನ ಹಳದಿ ರೇನ್‌ಕೋಟು, ಹುಟ್ಟು, ಬುತ್ತಿಯ ಡಬ್ಬಿ ಎಲ್ಲ ತಂದರು. "ಬರೀ ದೋಣಿ ಇಟ್ರೆ ಮಕ್ಕಳಿಗೆ ಎಂತ ತಿಳೀತದೆ? ಇದೂ ಇಡಿ."

ತೆಗೆದುಕೊಂಡೆ. ಬೇಡ ಅಕ್ಕ ಎಂದು ಒಂದು ಮಾತೂ ಹೇಳಲಿಲ್ಲ. ರೇನ್‌ಕೋಟು ಕೈಗೆ ಬಂದಾಗ ನನ್ನ ತಲೆಯಲ್ಲಿ ಓಡಿದ್ದು ಅದು ಎಲುಬುಗೂಡಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎನ್ನುವುದು. ಬರೆಯುವುದಕ್ಕೇ ನಾಚಿಕೆಯಾಗುತ್ತದೆ, ಆದರೆ ಓಡಿದ್ದು ಅದೇ.

ದೋಣಿಗೆ ಕಪ್ಪು ಬಣ್ಣ ಹೊಡೆದೆ. ಬದಿಗೆ ಕೆಂಪು ಕಣ್ಣು ಬರೆದೆ. ಪ್ಲಾಸ್ಟಿಕ್ ಪೈಪು ಮತ್ತು ಥರ್ಮಾಕೋಲಿನಲ್ಲಿ ಎಲುಬುಗೂಡು ಮಾಡಿ, ಹಳೆಯ ಕಾರಿನ ವೈಪರ್ ಮೋಟರು ಕೂರಿಸಿ, ಸ್ವಿಚ್ ಒತ್ತಿದರೆ ದೋಣಿಯಿಂದ ಮೇಲೆದ್ದು ಬಾಯಿ ತೆರೆಯುವಂತೆ ಮಾಡಿದೆ. ರೇನ್‌ಕೋಟು ತೊಡಿಸಿದೆ. ಕೈಗೆ ಹುಟ್ಟು ಕಟ್ಟಿದೆ. ಡಬ್ಬಿಯೊಳಗೆ ರಬ್ಬರಿನ ಹುಳು ಹಾಕಿ ಮುಚ್ಚಳ ಅರ್ಧ ತೆರೆದಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ, ನನಗೇ ಹೊಳೆದದ್ದು.

ಪ್ರದರ್ಶನ ಶುರುವಾಗಿ ನಾಲ್ಕೇ ದಿನದಲ್ಲಿ ಜನ ದೋಣಿಯ ದೆವ್ವವನ್ನು ನೋಡಲೆಂದೇ ಬರತೊಡಗಿದರು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದ. ಮುಂದಿನ ಊರುಗಳಿಗೂ ನೀವೇ ಎಂದ.

ಎರಡನೆಯ ವಾರದ ಒಂದು ಮಧ್ಯಾಹ್ನ, ಗಾಳಿಗೆ ಕಿತ್ತುಹೋದ ಆಲದ ತೊಗಟೆಯನ್ನು ಏಣಿ ಹತ್ತಿ ಹೊಲಿಯುತ್ತಿದ್ದೆ. ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಗೇಟಿನ ಹತ್ತಿರ ಮೂವರು ಹೆಂಗಸರು ನಿಂತದ್ದು ಕಂಡಿತು. ನಡುವಿನವರು ಅಕ್ಕ. ಮದುವೆಮನೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟಿದ್ದರು. ಜೊತೆಗಿದ್ದ ಇಬ್ಬರು ಕೇರಿಯವರು. ಗಂಡನ ದೋಣಿ ಪ್ರದರ್ಶನದಲ್ಲಿದೆ ಎಂದು ಎಲ್ಲರಿಗೂ ಹೇಳಿ, ತೋರಿಸಲೆಂದು ಬಸ್ಸು ಹತ್ತಿಸಿಕೊಂಡು ಕರೆತಂದಿದ್ದರು.

ಏಣಿಯಿಂದ ಇಳಿದು ಓಡಿದೆ.

"ಅಕ್ಕ, ಇವತ್ತು ಬಂದ್. ನಾಳೆ ಬನ್ನಿ."

"ನಾಳೆ ಮತ್ತೆ ಬಸ್ಸು ಹತ್ತಿ ಬಪ್ಪುಕಾತದಾ? ದೋಣಿ ಒಂದ್ ನೋಡಿ ಹೋಗ್ತೇವೆ."

"ಅದು ರಿಪೇರಿಗೆ ಬಿಚ್ಚಿಟ್ಟಿದ್ದೇನೆ."

ಅಷ್ಟರಲ್ಲಿ ಅವರ ಜೊತೆಯವರೊಬ್ಬರು ಹೆಬ್ಬಾಗಿಲ ಮೇಲಿನ ಬೋರ್ಡು ಓದಿ, "ಇದು ಭೂತಬಂಗಲೆ ಅಲ್ವನ?" ಎಂದರು. ಅಕ್ಕ ನನ್ನ ಮುಖ ನೋಡಿದರು. ಆಮೇಲೆ ನನ್ನನ್ನು ದಾಟಿ ಒಳಗೆ ಹೋದರು.

ಹಗಲಿನಲ್ಲಿ ನನ್ನ ಕೆಲಸ ಬಹಳ ಬಡವಾಗಿ ಕಾಣುತ್ತದೆ. ಗೋಣಿಯ ಹೊಲಿಗೆ, ತಂತಿಯ ತುದಿ, ಥರ್ಮಾಕೋಲಿನ ಹರಳು ಎಲ್ಲ ಎದ್ದು ತೋರುತ್ತವೆ. ಆದರೆ ರೇನ್‌ಕೋಟು ಮಾತ್ರ ನಿಜವಾದದ್ದು. ಅವರು ಅದನ್ನು ದೂರದಿಂದಲೇ ಗುರುತಿಸಿದರು. ಸ್ವಿಚ್ಚಿನ ಹತ್ತಿರ ಕೂತಿದ್ದ ಕೆಲಸದವನು, ಯಾರೋ ನೋಡಲು ಬಂದರು ಎಂದುಕೊಂಡು ಒತ್ತಿಬಿಟ್ಟ. ಎಲುಬುಗೂಡು ಎದ್ದು ನಿಂತು ಬಾಯಿ ತೆರೆಯಿತು. ಸ್ಪೀಕರಿನಿಂದ ನಗು ಬಂತು. ಹಿಂದೆಯೇ ಬಂದಿದ್ದ ಇಬ್ಬರು ಹೆಂಗಸರು ಕಿರುಚಿ ಹಿಂದೆ ಸರಿದರು.

ಅಕ್ಕ ಕಿರುಚಲಿಲ್ಲ. ಅಡ್ಡ ಕಟ್ಟಿದ್ದ ಹಗ್ಗ ದಾಟಿ ದೋಣಿಯ ಹತ್ತಿರ ಹೋದರು. ಒಂದೊಂದೇ ಗುಂಡಿ ಬಿಚ್ಚಿ ರೇನ್‌ಕೋಟು ತೆಗೆಯತೊಡಗಿದರು. ಮೋಟರು ಇನ್ನೂ ಓಡುತ್ತಿತ್ತು, ಗೂಡು ಏಳುತ್ತಾ ಕೂರುತ್ತಾ ಇತ್ತು, ಅದರ ಜೊತೆಗೇ ಅವರ ಕೈಯೂ ಮೇಲೆ ಕೆಳಗೆ ಹೋಗುತ್ತಿತ್ತು. ಎರಡು ಪಕ್ಕೆಲುಬು ಕಳಚಿ ಬಿದ್ದವು.

ಗಲಾಟೆ ಕೇಳಿ ಮ್ಯಾನೇಜರ್ ಓಡಿ ಬಂದ. "ಏಯ್, ಯಾರು ಇವರು? ಯಾರು ಒಳಗೆ ಬಿಟ್ಟಿದ್ದು?" ಎಂದು ನನ್ನತ್ತ ತಿರುಗಿದ. "ನಿಮಗೆ ಗೊತ್ತಾ?"

ಅಕ್ಕ ನಾಲ್ಕು ಮಾರು ದೂರದಲ್ಲಿದ್ದರು.

"ಇಲ್ಲ," ಎಂದೆ. "ನನಗೆ ಗೊತ್ತಿಲ್ಲ."

ಅವರು ತಿರುಗಿ ನೋಡಲಿಲ್ಲ. ರೇನ್‌ಕೋಟನ್ನು ಒಮ್ಮೆ ಕೊಡವಿ, ಮಡಚಿ, ಡಬ್ಬಿಯ ಹುಳುಗಳನ್ನು ನೆಲಕ್ಕೆ ಸುರಿದು, ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ನಡೆದರು. ಮ್ಯಾನೇಜರ್ ತಡೆಯಲು ಹೋದವನು ಅವರ ಮುಖ ನೋಡಿ ಬಿಟ್ಟುಬಿಟ್ಟ.

ಆಗಲಾದರೂ ನಾನು ಹಿಂದೆ ಓಡಬಹುದಿತ್ತು. ಬಸ್ಸು ಬರುವವರೆಗೆ ಅವರು ಹೆದ್ದಾರಿಯ ಪಕ್ಕದಲ್ಲಿ ನಿಂತೇ ಇದ್ದರು, ಆಲದ ಮರದ ಸಂದಿಯಿಂದ ನನಗೆ ಕಾಣುತ್ತಿತ್ತು. ನಾನು ಹೋಗಲಿಲ್ಲ. ಪಕ್ಕೆಲುಬು ಅಂಟಿಸಿ, ಹಳದಿ ತಾಡಪಾಲು ಕತ್ತರಿಸಿ ಹೊಸ ಕೋಟು ಹೊಲಿದೆ. ಸಂಜೆಯ ಆಟಕ್ಕೆ ದೆವ್ವ ತಯಾರಿತ್ತು. ಮೊದಲಿನಷ್ಟೇ ಜನ ಕೂಗಿದರು.

ಪ್ರದರ್ಶನ ಮುಗಿಯುವವರೆಗೂ ಹಾಗೇ ನಡೆಯಿತು. ದೋಣಿ ತೆಗೆಯೋಣ ಎಂದು ಮ್ಯಾನೇಜರನಿಗೆ ಹೇಳುವ ಧೈರ್ಯ ಒಂದು ದಿನವೂ ಬರಲಿಲ್ಲ. ಎಲ್ಲ ಬಿಚ್ಚಿದ ಮೇಲೆ ದೋಣಿಯನ್ನೂ ಹುಟ್ಟನ್ನೂ ಟೆಂಪೋದಲ್ಲಿ ಹೇರಿಕೊಂಡು ಹೊನ್ನಾವರಕ್ಕೆ ಹೋದೆ. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅಕ್ಕ ಜಗಲಿಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ದೋಣಿ ಕೇಳೂಕೆ ಸುಳ್ಳು ಹೇಳಿದ್ರಿ, ಅದು ಆತು. ಗೊತ್ತಿಲ್ಲ ಅಂದ್ರಲ್ಲ, ಅದೆಂತಕ್ಕೆ?"

"ಹೆದರಿಕೆ ಆತು ಅಕ್ಕ."

"ಯಾರ ಹೆದರಿಕೆ?"

ಮ್ಯಾನೇಜರ್ ನನಗಿಂತ ಚಿಕ್ಕವನು. ಅವನೇನು ನನ್ನನ್ನು ಹೊಡೆಯುತ್ತಿದ್ದನೇ? ಅಕ್ಕ ದೋಣಿಯ ಕಡೆ ನೋಡಿದರು.

"ಆ ಬಣ್ಣ ತೆಗೆದು ಕೊಟ್ಟು ಹೋಗಿ."

ಮೂರು ದಿನ ಬೇಕಾಯಿತು. ಬೆಳಿಗ್ಗೆ ಶಿರಾಲಿಯಿಂದ ಬರುವುದು, ಅವರ ಅಂಗಳದಲ್ಲಿ ಬಿಸಿಲಿಗೆ ಕೂತು ಉಳಿಯಿಂದ ಕೆರೆಯುವುದು, ಮರಳು ಕಾಗದದಿಂದ ತಿಕ್ಕುವುದು. ಕೇರಿಯವರು ಬಂದು ನಿಂತು ನೋಡಿ ಹೋಗುತ್ತಿದ್ದರು. ಯಾರೂ ಬೈಯಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಎಷ್ಟೋ ಸಲ ಉಂಡ ಆ ಮನೆಯಲ್ಲಿ ಆ ಮೂರು ದಿನ ನೀರು ಕೇಳಲೂ ನನಗೆ ಬಾಯಿ ಬರಲಿಲ್ಲ. ಕೆಂಪು ಕಣ್ಣು ಮರದೊಳಗೆ ಇಳಿದುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಸಣ್ಣ ಕಲೆ ಉಳಿಯಿತು. ಕೊನೆಗೆ ದೋಣಿಗೆ ಎಣ್ಣೆ ಸವರಿ ಅಕ್ಕನನ್ನು ಕರೆದೆ. ಅವರು ಕೈಯಾಡಿಸಿ ನೋಡಿದರು. ಕಲೆಯ ಮೇಲೆ ಬೆರಳು ಒಂದು ಕ್ಷಣ ನಿಂತಿತು.

"ಆತು. ಹೋಗಿ," ಎಂದರು.

ಕೆಲವು ತಿಂಗಳ ಮೇಲೆ ಅವರ ಮೈದುನ ಆ ದೋಣಿಯನ್ನು ಹೊಳೆಗೆ ಇಳಿಸಿದ ಎಂದು ಕೇಳಿದೆ. ನೋಡಲು ನಾನು ಹೋಗಲಿಲ್ಲ. ಹೊನ್ನಾವರದ ಮಾರುಕಟ್ಟೆಯ ಕಡೆಗೂ ಹೋಗುವುದಿಲ್ಲ, ಕೆಲಸವಿದ್ದರೆ ಬೇರೆ ದಾರಿ ಹಿಡಿಯುತ್ತೇನೆ. ಭೂತಬಂಗಲೆ ಕಟ್ಟುವುದನ್ನು ಬಿಟ್ಟೆ ಎಂದು ಬರೆಯಲು ಆಗಿದ್ದರೆ ಚೆನ್ನಾಗಿತ್ತು. ಬಿಟ್ಟಿಲ್ಲ. ಮುಂದಿನ ವರ್ಷ ಅದೇ ಕಂಪನಿ ಭಟ್ಕಳಕ್ಕೆ ಬಂದಾಗ ಕರೆದರು, ಹೋದೆ. ಬೇರೆ ಕೆಲಸ ಇರಲಿಲ್ಲ ಎಂದು ಮನೆಯಲ್ಲಿ ಹೇಳಿದೆ. ನಿಜವೆಂದರೆ, ಕತ್ತಲಲ್ಲಿ ನಿಂತು ಜನ ಕೂಗುವುದನ್ನು ಕೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.