ಅವನು ಬೀಸಿದ ಕಲ್ಲು

ಹೋದ ವಾರ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಬದಿಗೆ ಹೆಂಗಸೊಬ್ಬಳು ಸೀತಾಫಲದ ಬುಟ್ಟಿ ಇಳಿಸಿದಳು. ಬಿರಿದ ಹಣ್ಣಿನ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ, ನಾನು ಹತ್ತಬೇಕಿದ್ದ ಬಸ್ಸನ್ನೂ ಬಿಟ್ಟು ಅಲ್ಲೇ ನಿಂತುಬಿಟ್ಟೆ...

ಗುಡೇಕೋಟೆಯಲ್ಲಿ ನಮ್ಮ ಮನೆಗೂ ನನ್ನ ಗೆಳೆಯನ ಮನೆಗೂ ನಡುವೆ ಒಂದೇ ಗೋಡೆ. ಶಾಲೆಗೆ ಹೋದರೂ ಒಟ್ಟಿಗೆ, ತಪ್ಪಿಸಿಕೊಂಡರೂ ಒಟ್ಟಿಗೆ. ಆರನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಸೀತಾಫಲಕ್ಕೆಂದು ಗುಡ್ಡ ಹತ್ತಿದೆವು. ನಾನು ಪೊದೆಯ ಆಚೆ ಉದುರಿದ ಹಣ್ಣು ಆರಿಸುತ್ತಿದ್ದೆ. ತುದಿಯ ಕೊಂಬೆಯ ಹಣ್ಣಿಗೆಂದು ಅವನು ಬೀಸಿದ ಕಲ್ಲು ನನ್ನ ಎಡಗಣ್ಣಿಗೆ ಬಿತ್ತು.

ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಗುಡ್ಡ ಇಳಿದ. ದಾರಿಯುದ್ದಕ್ಕೂ ನನಗಿಂತ ಹೆಚ್ಚು ಅತ್ತವನು ಅವನೇ.

"ನಮ್ಮಪ್ಪ ನನ್ನ ಕೊಂದೇ ಬಿಡ್ತಾನಲೇ... ಯಾರಿಗೂ ಹೇಳಬ್ಯಾಡ."

"ಹೇಳಂಗಿಲ್ಲಲೇ," ಎಂದೆ. ಮನೆಯಲ್ಲಿ, ಬಂಡೆಯಿಂದ ಜಾರಿಬಿದ್ದೆ ಎಂದೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕಣ್ಣು ಉಳಿಯಲಿಲ್ಲ. ಇದು ಬಿದ್ದ ಗಾಯವಲ್ಲ, ಕಲ್ಲೇಟು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಊರಿಗೆ ಮರಳಿದ ದಿನವೇ ಅಪ್ಪ ಗೆಳೆಯನನ್ನು ಕರೆದು ಗದರಿಸಿ ಕೇಳಿದ. ಅವನು ಹೆದರಿ, ತಪ್ಪನ್ನು ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಮುದುಕನ ಮೇಲೆ ಹಾಕಿಬಿಟ್ಟ. ಹೊತ್ತು ಮುಳುಗುವ ಮೊದಲೇ ಆ ಮುದುಕನನ್ನು ಕಟ್ಟೆಗೆ ಎಳೆತಂದರು. "ನಾ ಕಲ್ಲು ಮುಟ್ಟಿಲ್ರಪ್ಪೋ" ಎಂದು ಆತ ಕೈಮುಗಿಯುತ್ತಿದ್ದ. ಹೊಡೆತ ಬೀಳುತ್ತಲೇ ಇತ್ತು.

ಕಣ್ಣಿಗೆ ಕಟ್ಟಿದ ಪಟ್ಟಿಯಲ್ಲೇ ಓಡಿಹೋಗಿ ಗೆಳೆಯನ ಕೈ ಹಿಡಿದೆ. "ನೀನ ಹೇಳಲೇ" ಎಂದೆ. ಅವನು ಕೈ ಕೊಸರಿಕೊಂಡು ಹಿಂದೆ ಸರಿದ. ಕೊನೆಗೆ ನಾನೇ ಕೂಗಿದೆ: "ಅಪ್ಪಾ, ಅಜ್ಜ ಅಲ್ಲ. ಬೀಸಿದಾಂವ ಇವನ!"

ಮುದುಕನನ್ನು ಬಿಟ್ಟರು. ಆಮೇಲೆ ಗೋಡೆಯಾಚೆಯಿಂದ ಕೇಳಿದ ಗೆಳೆಯನ ಚೀರಾಟ... ಮರುದಿನ ಅವನನ್ನು ಹಡಗಲಿಯ ಸೋದರಮಾವನ ಮನೆಗೆ ಕಳಿಸಿದರು. ಹೊರಡುವಾಗ ನಮ್ಮ ಬಾಗಿಲಲ್ಲಿ ನಿಂತು, "ಹೇಳಂಗಿಲ್ಲ ಅಂದಿದ್ದಿ" ಎಂದ. ಅಷ್ಟೇ.

ಮತ್ತೆ ಅವನು ಊರಿಗೆ ಬರಲಿಲ್ಲ. ಕಾಲೇಜಿನ ದಿನಗಳಲ್ಲಿ ಒಮ್ಮೆ ಹುಡುಕಿಕೊಂಡು ಹೋಗಿದ್ದೆ. ಮನೆಯಲ್ಲಿಲ್ಲ ಎಂದು ಮಾವನ ಕೈಲಿ ಹೇಳಿಸಿದ. ಒಳಗೆ ಅವನ ಕೆಮ್ಮು ಕೇಳಿಸುತ್ತಿತ್ತು.

ಕಳೆದ ವರ್ಷ ಅವನು ತೀರಿಕೊಂಡ ಸುದ್ದಿ ಬಂತು. ಹಡಗಲಿಗೆ ಹೋದೆ. ಅವನ ಹೆಂಡತಿ ನೀರು ಕೊಟ್ಟು, "ನೀವು ಯಾರಂತ ಗೊತ್ತಾಗಲಿಲ್ರಿ" ಎಂದರು. ಗುಡೇಕೋಟೆಯವನು, ಇಬ್ಬರೂ ಕೂಡಿ ಓದಿದವರು ಎಂದೆ.

"ಗುಡೇಕೋಟಿ ಅಂದ್ರ ಸಾಕು, ಎದ್ದು ಹೊರಗ ಹೋಗಿಬಿಡ್ತಿದ್ರು. ಯಾಕಂತ ಸಾಯೋ ತನಕ ಬಾಯಿ ಬಿಡ್ಲಿಲ್ಲ. ನಿಮಗೇನರ ಗೊತ್ತೈತೇನ್ರಿ?"

ಪಕ್ಕದಲ್ಲಿ ನಿಂತಿದ್ದ ಅವನ ಮಗಳು ನನ್ನ ಎಡಗಣ್ಣನ್ನೇ ನೋಡುತ್ತಿದ್ದಳು.

"ಇಲ್ರಮ್ಮಾ," ಎಂದೆ.

ಈಗ ನನಗೂ ತಲೆ ನರೆತಿದೆ. ಕಣ್ಣು ಹೋದ ಸಿಟ್ಟು ಎಂದೋ ಆರಿತು. ಒಮ್ಮೆ ಎದುರುಬದುರು ಕೂತು ಜಗಳವನ್ನಾದರೂ ಆಡಿಕೊಳ್ಳಬೇಕಿತ್ತು... ಇನ್ನು ಅದಕ್ಕೂ ಅವನಿಲ್ಲ.